ಕಾಜಾ ಒಂದು ಬಾಕಿ

ನನ್ನ ಹೆಂಡತಿಯನ್ನೂ ಮಗಳನ್ನೂ ಹಾಡಹಗಲೇ ತನ್ನ ಮನೆಯಲ್ಲಿ ಹಿಡಿದಿಟ್ಟುಕೊಂಡ ಮನುಷ್ಯನೊಬ್ಬನಿದ್ದ. ಪೊಲೀಸರಿಗೆ ಹೇಳುವ ಹಾಗಿರಲಿಲ್ಲ. ಅಷ್ಟೇ ಅಲ್ಲ, ಪ್ರತಿ ರವಿವಾರ ಸಿಂಧನೂರಿನಿಂದ ಮಸ್ಕಿಗೆ ಹೋಗಿ ನಾನೇ ಅವನ ಕಾಲು ಮುಟ್ಟಿ ಬರಬೇಕಾಗಿತ್ತು! ಯಾಕೆಂದರೆ ಆತ ನನ್ನ ಮಾವ.

ಮಾವ ಮಸ್ಕಿಯಲ್ಲಿ ದರ್ಜಿ. ಬಜಾರಿನಲ್ಲಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಕೈ ಬಂಗಾರದಂಥದ್ದು, ಸುಳ್ಳೇಕೆ ಹೇಳಲಿ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ಆ ಊರಿನಲ್ಲಿ ಯಾರೂ ಕಂಡಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಎಲ್ಲಾ ಆಗೇತ್ರಿ, ಕಾಜಾ ಒಂದ ಬಾಕಿ." ಗುಂಡಿ ತೂರಿಸುವ ಪುಟ್ಟ ತೂತಿಗೆ ದಾರ ಸುತ್ತುವುದು ಎಷ್ಟು ಹೊತ್ತಿನ ಕೆಲಸ? ಮಾವನ ಅಂಗಡಿಯಲ್ಲಿ ಅದು ತಿಂಗಳುಗಟ್ಟಲೆ ನಡೆಯುತ್ತಿತ್ತು. ಅಂಥವನ ಮನೆಗೆ ನಾನು ಹೆಂಡತಿಯನ್ನು ಚೊಚ್ಚಲ ಹೆರಿಗೆಗೆಂದು ಕಳಿಸಿದೆ. ನನ್ನ ಬುದ್ಧಿಗೆ ಏನನ್ನಬೇಕು!

ಬುದ್ಧಿ ಇರಲಿಲ್ಲವೆಂದಲ್ಲ. ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲಿಗ ನಾನು. ಅವ್ವ ಅಪ್ಪ ಗೊರೇಬಾಳದಲ್ಲಿ ಕಂಡವರ ಗದ್ದೆಗೆ ನಾಟಿ ಹಚ್ಚುತ್ತಿದ್ದಾಗ, ಲಿಂಗಸುಗೂರಿನ ಬಾಡಿಗೆ ಖೋಲಿಯಲ್ಲಿ ಸ್ಟೋವು ಹೊತ್ತಿಸಿ, ಕರಕಲು ರೊಟ್ಟಿ ತಿಂದು ಓದಿದವನು. ಸಿಂಧನೂರಿನ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದಿದ್ದೆ. ನಾನು ಕೆಮ್ಮಿದರೆ ಸಾಕು, ಇಡೀ ಹತ್ತನೇ ತರಗತಿ ಗಪ್‌ಚುಪ್. ಮಾವನೆದುರು ಮಾತ್ರ ನನ್ನ ಡಿಗ್ರಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ.

ಮಗಳು ಹುಟ್ಟಿದಳು. ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ಕರೆತರಲು ಹೋದೆ.

"ಇವತ್ತ ಬ್ಯಾಡ್ರಿ ಅಳಿಯಾರ, ಅಮಾಸಿ ಮುಂದೈತಿ."

ಮುಂದಿನ ವಾರ ಹೋದೆ. "ಆಷಾಢ ಬಂತಲ್ರೀ." ಆಷಾಢ ಮುಗಿಯಿತು. "ಶ್ರಾವಣದಾಗ ಮನಿಮಗಳನ್ನ ಯಾರರ ಕಳಸ್ತಾರೇನ್ರಿ? ಪಂಚಮಿ ಐತಿ, ಜೋಕಾಲಿ ಆಡೂದೈತಿ." ಪಂಚಮಿಯೂ ಆಯಿತು, ಜೋಕಾಲಿಯೂ ಇಳಿಯಿತು. "ಕೂಸಿಗೆ ಕುಂಚಿಗಿ ಹೊಲ್ಯಾಕತ್ತೀನಿ. ಎಲ್ಲಾ ಆಗೇತಿ, ಕಾಜಾ ಒಂದ ಬಾಕಿ."

ಕುಂಚಿಗೆಗೆ ಕಾಜಾ ಎಲ್ಲಿರುತ್ತದೆ ಸ್ವಾಮಿ? ಕೂಸಿನ ತಲೆಗೆ ಹೊದಿಸಿ ಗದ್ದದ ಕೆಳಗೆ ಲಾಡಿ ಕಟ್ಟುವ ಬಟ್ಟೆ ಅದು!

ನನ್ನ ಕೂಗಾಟ ಕೇಳಿ, ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಸಾಬರೊಬ್ಬರು ನಕ್ಕರು. ಮಗನ ಶೇರ್ವಾನಿಗಾಗಿ ಕಾದು ಕಾದು ಸುಸ್ತಾಗಿದ್ದವರು. "ಬೈಠೋ ಮಾಸ್ತರ್ ಸಾಬ್. ರಂಜಾನಕ್ಕಂತ ಕೊಟ್ಟ ಬಟ್ಟಿ, ಬಕ್ರೀದ್ ಹೋದ್ರೂ ಬಂದಿಲ್ಲ. ನೀವು ನನ್ನ ಹಿಂದ ಪಾಳಿ ಹಚ್ರಿ."

ಹೆಂಡತಿಗಾಗಿ ಪಾಳಿ!

ಸಿಟ್ಟು ನೆತ್ತಿಗೇರಿತು. "ಮಾವಾರ, ಕಳಸ್ತೀರೋ ಇಲ್ಲೋ? ಒಂದ ಮಾತ ಹೇಳ್ರಿ!" ಎಂದೆ. ಮಾವ ಕೊರಳಲ್ಲಿದ್ದ ಟೇಪು ತೆಗೆದು ನನ್ನ ಎದೆಗೆ ಸುತ್ತಿದ. "ಸಿಟ್ಟಿಗೆ ಎದಿ ಹಿಗ್ಗೇತ್ರಿ. ದೀಪಾವಳಿ ಅಂಗಿ ಸಡ್ಲ ಹೊಲೀತೀನಿ, ಬಿಡ್ರಿ."

ಇನ್ನೊಮ್ಮೆ ಬಸ್ಸಿನ ಹೊತ್ತಿಗೆ ಸರಿಯಾಗಿ ಮಗಳನ್ನು ನನ್ನ ತೊಡೆಯ ಮೇಲೆ ತಂದು ಹಾಕಿದ. ಅವಳು ನನ್ನ ಹೊಸ ಟೆರಿಕಾಟ್ ಪ್ಯಾಂಟಿನ ಮೇಲೆ ತನ್ನ ಕೆಲಸ ಮುಗಿಸಿದಳು. "ತಗೀರಿ, ತಗೀರಿ, ಹಿಂಡಿ ಹಾಕ್ತೀನಿ" ಎಂದು ತನ್ನ ಲುಂಗಿ ಕೊಟ್ಟ. ಪ್ಯಾಂಟು ಒಣಗಿತು. ಕೇಳಿದೆ. ಮಾವ ಅದರ ಕೆಳಗಿನ ಹೊಲಿಗೆಯನ್ನೆಲ್ಲ ಬಿಚ್ಚಿಟ್ಟುಕೊಂಡು ಕೂತಿದ್ದಾನೆ! "ಯಾವ ಊರ ದರ್ಜಿ ಹೊಲದಾನ್ರಿ ಇದನ್ನ? ಮಂದಿ ನಕ್ಕಾರು. ಮತ್ತೊಮ್ಮೆ ಹಾಕಿಕೊಡ್ತೀನಿ." ಕೊನೆಯ ಬಸ್ಸು ಹೋಯಿತು. ಬಿ.ಎ. ಪದವೀಧರ ಲುಂಗಿಯಲ್ಲಿ ಮಸ್ಕಿಯಲ್ಲೇ ಉಳಿದ!

ಹೆಂಡತಿಯಾದರೂ ನನ್ನ ಪಕ್ಷ ಹಿಡಿಯಬೇಕೋ ಬೇಡವೋ? ನಾನು ಹಲ್ಲು ಕಡಿಯುತ್ತಿದ್ದರೆ ಆಕೆ ಆಕಳಿಸಿದಳು. "ನೀವಿಬ್ಬರೂ ಬಡದಾಡ್ರಿ. ಕೂಸು ಮಲಗೇತಿ, ನಾನೂ ಒಂದೀಟ ಅಡ್ಡಾಗ್ತೀನಿ."

ಮದುವೆಯ ದಿನ ಈ ಮನುಷ್ಯ ಮಗಳನ್ನು ನನಗೆ ಧಾರೆ ಎರೆದುಕೊಟ್ಟನಂತೆ. ಎಲ್ಲಿ ಕೊಟ್ಟ? ಅಳತೆ ನೋಡಲು ಒಮ್ಮೆ ಹಾಕಿಸಿ, ಮತ್ತೆ ಬಿಚ್ಚಿಸಿಕೊಂಡು ಗೂಟಕ್ಕೆ ನೇತುಹಾಕಿದ, ಅಷ್ಟೆ! ಸಂಸಾರ ಮಾಡುವುದು ಗಂಡ ಹೆಂಡತಿ ಇಬ್ಬರೆಂದು ಯಾರು ಹೇಳಿದರೋ ಅವರನ್ನು ಒಂದು ವಾರ ಮಾವನ ಕಟ್ಟೆಯ ಮೇಲೆ ಕೂರಿಸಬೇಕು.

ಹೆಂಡತಿಯ ಮಾತು ಬಿಡಿ, ದೊಡ್ಡವಳು. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಮಗಳಿಗಾಗಿ. ನನ್ನನ್ನು ಕಂಡರೆ ಅವಳು ಸೂಜಿ ಚುಚ್ಚುವ ಕಾಂಪೌಂಡರನನ್ನು ಕಂಡಂತೆ ಚೀರುತ್ತಿದ್ದಳು. ಮಾವ ಎತ್ತಿಕೊಂಡರೆ ಕಿಲಕಿಲ. ಹೊಲಿಗೆ ಯಂತ್ರದ ಟಕಟಕ ಕೇಳದಿದ್ದರೆ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ನನ್ನ ಅಪ್ಪ ಮಗನ ಕೈಗೆ ಪುಸ್ತಕ ಬರಲೆಂದು ಬೆನ್ನು ಬಾಗಿಸಿದವನು. ನನಗೆ ನನ್ನ ಮಗಳನ್ನು ಅಳಿಸದೆ ಎತ್ತಿಕೊಳ್ಳಲೂ ಬಾರದು. ಬರಿಗೈಯಲ್ಲಿ ಬಸ್ಸು ಹತ್ತಿದಾಗಲೆಲ್ಲ ಸಿಟ್ಟಿನ ಅಡಿಯಲ್ಲಿ ಒಂದು ಭಯ ಕೂತಿರುತ್ತಿತ್ತು. ಇವಳಿಗೆ ನಾನು ಬರೀ ರವಿವಾರದ ಗಿರಾಕಿಯಾಗಿ ಉಳಿದುಬಿಟ್ಟರೆ?

ದಸರೆಯ ಹೊತ್ತಿಗೆ ಮಾವ ಹೊಸ ನೆಪ ತೆಗೆದ. "ಕೂಸಿಗೆ ನೆಗಡಿ ಬರೋ ಹಂಗ ಐತ್ರಿ." ಬಂದಿಲ್ಲ, ಬರೋ ಹಂಗ ಐತಿ!

ತಡೆಯಲಾಗಲಿಲ್ಲ. ಬಜಾರಿನ ಮಂದಿಯೆಲ್ಲ ಕೇಳುವಂತೆ ಒದರಿದೆ. "ಇನ್ನ ನಾ ಬರೂದಿಲ್ಲ! ಆಕಿ ನನ್ನ ಮಾರಿ ಮರೀತಾಳ, ಮರೀಲಿ. ಆಕಿ ಅಪ್ಪನೂ ನೀವ ಆಗ್ರಿ, ಇಟ್ಕೋರಿ!"

ಮಾವ ಪೆಡಲು ತುಳಿಯುವುದನ್ನು ನಿಲ್ಲಿಸಿದ. ನಾನು ತಿರುಗಿ ನೋಡದೆ ಬಸ್ಸಿಗೆ ನಡೆದೆ.

ಮುಂದಿನ ರವಿವಾರ ಹೋಗಲಿಲ್ಲ. ಅದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಸಿಂಧನೂರಿನ ನನ್ನ ಮನೆಯ ಬಾಗಿಲಲ್ಲಿ ತಲೆಯ ಮೇಲೆ ಟ್ರಂಕು ಹೊತ್ತ ಮಾವ ನಿಂತಿದ್ದ. ಹಿಂದೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ನನ್ನ ಹೆಂಡತಿ.

"ಏನ್ರಿ ಇದು, ಹೇಳದ ಕೇಳದ?" ಎಂದೆ. ಸಿಟ್ಟಿನ್ನೂ ಇಳಿದಿರಲಿಲ್ಲ.

ಮಾವ ಟ್ರಂಕು ಇಳಿಸಿದ. ನೀರು ಕೊಟ್ಟರೆ ಮುಟ್ಟಲಿಲ್ಲ. "ನಿನ್ನೆ ಕೂಸು 'ಅಪ್ಪಾ' ಅಂತ್ರಿ. ಮಷೀನ ಮುಂದ ಕುಂತಿದ್ದೆ. ನನ್ನ ಮಾರಿ ನೋಡಿ ಅಂತು." ಟವೆಲಿನಿಂದ ಮುಖ ಒರೆಸಿಕೊಂಡ. "ಮಂದಿ ಬಟ್ಟಿ ಇಟ್ಕೊಂಡು ರೂಢಿ ಐತಿ ನನಗ. ಇದನ್ನ ಇಟ್ಕೊಳ್ಳಾಕ ಮನಸ ಬರಲಿಲ್ರಿ. ಇದು ನಿಮ್ದು."

ಮಗಳನ್ನು ಇಸಿದುಕೊಂಡು ನನ್ನೆದುರು ಚಾಪೆಯ ಮೇಲೆ ಕೂರಿಸಿದ. "ಹೇಳವ್ವಾ, ಹೇಳು. ನಿಮ್ಮಪ್ಪನ್ನ ನೋಡಿ ಹೇಳು."

ಅವಳು ಅವನನ್ನೇ ನೋಡಿ ನಕ್ಕಳು. ಮಾವ ಪಕ್ಕಕ್ಕೆ ಸರಿದ. ಅವಳೂ ಅತ್ತಲೇ ತಿರುಗಿ ಕೈಚಾಚಿದಳು. ಆತ ಆ ಪುಟ್ಟ ಕೈಗಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಎದ್ದು ಹೋಗಿ ಬಾಗಿಲ ಹಿಂದೆ ನಿಂತುಬಿಟ್ಟ.

ಮಗಳು ಅತ್ತ ಇತ್ತ ಹುಡುಕಿದಳು. ತುಟಿ ಅದುರಿತು. ಅಳುತ್ತಾಳೆಂದುಕೊಂಡೆ. ಕೊನೆಗೆ ಅವಳ ಕಣ್ಣುಗಳು ಬಂದು ನನ್ನ ಮುಖದ ಮೇಲೆ ನಿಂತವು.

"ಅಪ್ಪಾ" ಎಂದಳು.

ನಾನು "ಓ" ಎಂದೆ. ಬಾಗಿಲ ಸಂದಿಯಲ್ಲಿ ಮಾವನ ಟವೆಲು ಮತ್ತೆ ಮುಖಕ್ಕೆ ಏರಿತು.