ಕಪ್ಪು ಬಿಳುಪಿನಲ್ಲಿ ಗಿಳಿಹಸಿರು

ಜಯನಗರದ ನಮ್ಮ ಸೋದರತ್ತೆ ಬದುಕಿನಲ್ಲಿ ಒಂದೇ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದಾರೆ ಎಂದರೆ ನೀವು ಅಯ್ಯೋ ಪಾಪ ಅನ್ನಬಹುದು. ಅದನ್ನೇ ನಾನೂರು ಸಲ ನೋಡಿದ್ದಾರೆ ಎಂದರೆ? ಆಗ ಅಯ್ಯೋ ಪಾಪ ಅನ್ನಬೇಕಾದದ್ದು ಅವರ ಮನೆಗೆ ಹೋಗಿಬರುವ ನಮ್ಮಂಥವರಿಗೆ!

ಅದೊಂದು ಹಳೆಯ ಬ್ರಿಟಿಷ್ ಪತ್ತೇದಾರಿ ಚಿತ್ರ. ಕಪ್ಪು ಬಿಳುಪು. ಲಂಡನ್ನಿನ ಮಂಜು, ದೊಡ್ಡದೊಂದು ಮನೆ, ಮೆಟ್ಟಿಲ ಬುಡದಲ್ಲಿ ಹೆಣ, ಎಲ್ಲರ ಮೇಲೂ ಅನುಮಾನ. ಪಕ್ಕದ ರಸ್ತೆಯ ವಿಡಿಯೋ ಲೈಬ್ರರಿ ಬಾಗಿಲು ಹಾಕುವ ದಿನ ಅದರ ಮಾಲೀಕ ಈ ಡಿವಿಡಿಯನ್ನು ಅತ್ತೆಯ ಕೈಗಿಟ್ಟು, 'ಇದನ್ನ ಯಾರೂ ತಗೊಳ್ಳಲ್ಲ ಮೇಡಂ, ನೀವಾದ್ರೂ ಇಟ್ಕೊಳಿ' ಎಂದನಂತೆ. ಆತ ಏನು ಮಾಡಿದ ಎಂಬುದು ಆತನಿಗೇ ತಿಳಿಯದು!

ಅತ್ತೆಯ ಮನೆಯಲ್ಲಿ ಸಿನಿಮಾ ನೋಡುವುದಕ್ಕೆ ಒಂದು ಕ್ರಮವಿದೆ. ಮುಗಿಯಲು ಹತ್ತು ನಿಮಿಷ ಇರುವಾಗ ಅವರು ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸುತ್ತಾರೆ. ಆಮೇಲೆ ಅತಿಥಿಗಳು ತಾವು ಕಂಡದ್ದರ ಬಗ್ಗೆ ಹೇಳಿಕೆ ಕೊಡಬೇಕು! ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು ಅವರು. ನಾವು ಹೇಳುತ್ತಾ ಹೋದಂತೆ ಅವರ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಪಟಪಟನೆ ಆಡುತ್ತವೆ. ಹೇಳಿಕೆಯಲ್ಲಿ ತಪ್ಪಿದ್ದರೆ ಕೊನೆಯ ಹತ್ತು ನಿಮಿಷ ತೋರಿಸುವುದಿಲ್ಲ. ನಾನು ಎಂ.ಎ. ಮಾಡಿದ್ದೇನೆ. ಕೊಲೆ ಮಾಡಿದವರು ಯಾರೆಂದು ನನಗಿನ್ನೂ ಗೊತ್ತಿಲ್ಲ!

'ಆ ಹೆಂಗಸಿನ ಸ್ಕಾರ್ಫ್ ಯಾವ ಬಣ್ಣ?' ಎಂದು ಒಮ್ಮೆ ಕೇಳಿದರು.

'ಅತ್ತೆ, ಇದು ಕಪ್ಪು ಬಿಳುಪು!'

'ಅದು ನಿನ್ನ ಕಣ್ಣಿಗೆ. ಸರಿಯಾಗಿ ನೋಡು. ಗಿಳಿಹಸಿರು.'

ನಾನು ನೋಡಿದೆ. ಬೂದಿಯ ಬಣ್ಣ. ಮತ್ತೆ ನೋಡಿದೆ. ದೇವರಾಣೆಗೂ ಸ್ವಲ್ಪ ಹಸಿರಾಗಿ ಕಂಡಿತು!

ಇನ್ನೊಮ್ಮೆ ಎದುರು ಮನೆಯ ಅಂಕಲ್ ಸಿಕ್ಕಿಬಿದ್ದರು. ಸಾರಕ್ಕಿಯ ಹಳೇ ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುತ್ತಾರೆ. ಕೊಲೆಗಾರ ಯಾರಿರಬಹುದು ಎಂದು ಅತ್ತೆ ಕೇಳಿದರೆ ಅವರ ಕಣ್ಣು ಪರದೆಯ ಮೇಲಿನ ಬಂಗಲೆಯಲ್ಲೇ ನೆಟ್ಟಿತ್ತು. 'ಯಾರಾದ್ರೂ ಆಗ್ಲಿ ಬಿಡಿ ಮೇಡಂ. ಇಷ್ಟು ದೊಡ್ಡ ಜಾಗದಲ್ಲಿ ಬರೀ ಆರು ಜನಾನಾ? ಎಂಟು ಸಿಂಗಲ್ ಬೆಡ್‌ರೂಮ್ ಎಬ್ಬಿಸ್ಬೋದಿತ್ತು! ಅದಕ್ಕೇ ಕೊಲೆ ಆಗಿರೋದು!'

ಇಷ್ಟು ನಗುತ್ತಾ ಬರೆದೆ. ಮುಂದಿನದನ್ನು ಬರೆಯುವ ಮುನ್ನ ಎದ್ದು ಬಾಗಿಲ ಚಿಲಕ ನೋಡಿ ಬಂದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮೂರು ಗಂಟೆ. ನಾನು ಐದನೆಯ ಬಾರಿ ಹೇಳಿಕೆ ಕೊಡಲು ಕೂತಿದ್ದೆ. ಕರೆಗಂಟೆ ಬಡಿಯಿತು. ಬಾಗಿಲು ತೆರೆದವನು ನಾನೇ. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ, 'ವಾಟರ್ ಫಿಲ್ಟರ್ ಸರ್ವೀಸ್ ಸಾರ್' ಎಂದ. ಬನ್ನಿ ಬನ್ನಿ ಎಂದು ಒಳಗೆ ಕರೆದವನೂ ನಾನೇ. ಅತ್ತೆಯ ಮನೆಯಲ್ಲಿ ಫಿಲ್ಟರೇ ಇಲ್ಲ, ನೀರು ಕಾಯಿಸಿ ಕುಡಿಯುತ್ತಾರೆ ಎಂದು ನೆನಪಾಗುವ ಹೊತ್ತಿಗೆ ಅವನ ಕೈಗೆ ಚಾಕು ಬಂದಿತ್ತು.

ಆರಡಿ ಎತ್ತರದ ನಾನು ಏನು ಮಾಡಿದೆ? ಪಕ್ಕದಲ್ಲೇ ಇದ್ದ ದೇವರ ಮನೆಯೊಳಗೆ ಹಾರಿ ಚಿಲಕ ಹಾಕಿಕೊಂಡೆ! ಅತ್ತೆ ಹೊರಗೆ, ಚಾಕುವಿನ ಮುಂದೆ. ಮೊಬೈಲು ಸೋಫಾದ ಮೇಲೆ. ಬಾಗಿಲಿನ ಕಿಂಡಿಗಳಲ್ಲಿ ತೂಗುಬಿಟ್ಟ ಪುಟ್ಟ ಗಂಟೆಗಳು ನನ್ನ ನಡುಕಕ್ಕೆ ಕಿಣಿಕಿಣಿ ಅನ್ನತೊಡಗಿದವು. ಎರಡು ಕೈಯಲ್ಲೂ ಸಿಕ್ಕಷ್ಟು ಗಂಟೆ ಹಿಡಿದುಕೊಂಡು ಅವುಗಳ ಸಂದಿಯಿಂದ ನೋಡಿದೆ.

'ಲೇ, ಬಾರೋ ಆಚೆಗೆ!' ಎಂದು ಅವನು ನನ್ನ ಬಾಗಿಲಿನತ್ತ ಹೆಜ್ಜೆಯಿಟ್ಟ.

'ಅವನ ಸುದ್ದಿ ನಿನಗ್ಯಾಕೆ? ನನ್ನ ಚೈನಿಗೆ ತಾನೇ ಬಂದಿರೋದು? ಇಲ್ಲಿ ನೋಡು' ಎಂದರು ಅತ್ತೆ, ಕೂತಲ್ಲಿಂದಲೇ.

ಅವನು ತಿರುಗಿ, ಚಾಕುವಿನ ತುದಿಯನ್ನು ಅವರ ಕೊರಳಿನ ಸರಕ್ಕೆ ತಾಗಿಸಿದ. 'ಬಿಚ್ಚಜ್ಜಿ! ಬೇಗ!'

'ಅಷ್ಟು ಜೋರಾಗಿ ಹೇಳಿದ್ರೆ ಬರ್ಕೊಳ್ಳೋಕಾಗಲ್ಲಪ್ಪಾ. ನಿಧಾನ.' ಅತ್ತೆಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಆಡತೊಡಗಿದ್ದವು! 'ಚಾಕು ಎಡಗೈಯಲ್ಲಿ. ಬಲಹುಬ್ಬಿನ ಮೇಲೆ ಹಳೇ ಗಾಯ, ಮೂರು ಹೊಲಿಗೆ. ಷರ್ಟು ನೇರಳೆ, ಎರಡನೇ ಗುಂಡಿ ಮಾತ್ರ ಬಿಳೀ ದಾರದಲ್ಲಿ ಹಾಕಿದೆ. ಬಲಗಾಲಿನ ಚಪ್ಪಲಿ ಹಿಮ್ಮಡಿ ಸವೆದಿದೆ. ಸ್ವಲ್ಪ ಕುಂಟ್ತೀಯ, ಅಲ್ವಾ?'

ಚಾಕು ಒಂದಿಂಚು ಹಿಂದೆ ಸರಿಯಿತು.

'ಯಾರ್ ನೀವು? ಪೊಲೀಸಾ?'

'ಅಲ್ಲಪ್ಪಾ. ಟೈಪಿಸ್ಟು.'

ಅವನು ಚೀಲವನ್ನೂ ಬಿಟ್ಟು ಓಡಿದ! ಅತ್ತೆ ಪೊಲೀಸರಿಗೆ ಫೋನಿನಲ್ಲಿ ಕೊಟ್ಟ ವಿವರ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋದೊಳಗೆ ಕೂತಿದ್ದ ಅವನನ್ನು ಟ್ರಾಫಿಕ್ ಪೊಲೀಸರೇ ಕೆಳಗಿಳಿಸಿಕೊಂಡರು. ಅರ್ಧ ಗಂಟೆ ಕಳೆದಿದ್ದರೂ ಆಟೋ ಸಿಗ್ನಲ್ ದಾಟಿರಲಿಲ್ಲ. ಆ ಜಂಕ್ಷನ್ನು ಯಾರನ್ನು ತಾನೇ ಬಿಟ್ಟಿದೆ!

ಸಂಜೆ ಇನ್ಸ್‌ಪೆಕ್ಟರು ಮನೆಗೇ ಬಂದು ಹೇಳಿಕೆ ಬರೆದುಕೊಂಡರು. 'ದೊಡ್ಡ ಚಾಕು' ಎಂದು ಅವರು ಬರೆದಾಗ ಅತ್ತೆ ತಡೆದರು. 'ದೊಡ್ಡದಲ್ಲ ಸಾರ್, ಆರಿಂಚು. ಆಗಿದ್ದನ್ನೇ ಬರೀರಿ. ಒಂದಕ್ಷರ ಹೆಚ್ಚೂ ಬೇಡ, ಕಮ್ಮೀನೂ ಬೇಡ.'

ನನಗೆ ಮುಂದಿನ ಪ್ರಶ್ನೆ ಯಾವುದೆಂದು ಗೊತ್ತಿತ್ತು.

'ಆಗ ಇವರೆಲ್ಲಿದ್ರು ಮೇಡಂ?' ಇನ್ಸ್‌ಪೆಕ್ಟರು ಪೆನ್ನಿನಿಂದ ನನ್ನನ್ನು ತೋರಿಸಿದರು.

ನಾನು ನೆಲ ನೋಡಿದೆ. ಅತ್ತೆ ತಡವರಿಸಲಿಲ್ಲ.

'ದೇವರ ಮನೇಲಿ. ನಾನೇ ಒಳಗೆ ಹೋಗು ಅಂದೆ. ಹೋಗಲ್ಲ ಅಂತ ಹಠ ಮಾಡ್ದ. ಗದರಿಸಿ ಕಳಿಸ್ದೆ. ಬರ್ಕೊಳಿ.'

ಬರೆದದ್ದನ್ನು ಇನ್ಸ್‌ಪೆಕ್ಟರು ಓದಿ ಹೇಳಿದರು. 'ಸರಿ ಇದೆ' ಎಂದು ಅತ್ತೆ ಸಹಿ ಹಾಕಿದರು.

ಜೀಪು ತಿರುವು ದಾಟಿದ ಮೇಲೆ ನನಗೆ ಬಾಯಿ ಬಂತು. 'ಅತ್ತೆ... ನೀವು ಹೋಗು ಅಂತ ಹೇಳ್ಲೇ ಇಲ್ಲ.'

'ಹೇಳೋಣ ಅಂತಿದ್ದೆ ಕಣೋ. ಬಾಯಿ ಬಿಡೋಷ್ಟರಲ್ಲಿ ನೀನೇ ಹೋಗಿಬಿಟ್ಟೆ. ನನಗೆ ಜೀವ ಬಂದಹಾಗಾಯ್ತು' ಎಂದು ಕೈ ಎತ್ತಿದರು.

ನಾನು ಬಗ್ಗಿದೆ. ಬಗ್ಗದಿದ್ದರೆ ಅವರ ಕೈ ನನ್ನ ತಲೆಗೆ ಎಟುಕುವುದಿಲ್ಲ.