ಸಿಂಹದ ಮೂಗು

ಬಿಲ್ಲೆಯ ಹಿಂದಿನ ಪಿನ್ನು ಮುರಿದದ್ದೇ ಎಲ್ಲ ಅನಾಹುತಕ್ಕೂ ಮೂಲ. ಅದನ್ನು ಬೆಸೆದು ಕೂರಿಸುವುದು ಐದೇ ನಿಮಿಷದ ಕೆಲಸ. ಆದರೆ ಐದು ನಿಮಿಷದ ಕೆಲಸಗಳೇ ಮನುಷ್ಯನನ್ನು ಮುಗಿಸುವುದು.

ನೀರಿನ ಕಚೇರಿಯ ಈ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಬಿಡುವಾದಾಗಲೆಲ್ಲ ಮನೆಯ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಹಳೆಯ ಸಿಪಾಯಿಗಳ ಜಖಂಗೊಂಡ ಬಿಲ್ಲೆಗಳನ್ನು ರಿಪೇರಿ ಮಾಡುತ್ತಿದ್ದುದರಿಂದ ಬೀದಿಗೆಲ್ಲ ಅವನು ಬಿಲ್ಲೆರಾಯ. ಯಾರ್ಯಾರೋ ಸಿಪಾಯಿಗಳು ಅವನ ಕೈಚಳಕವನ್ನು ಕೊಂಡಾಡಿದ್ದರು. ಮೂವತ್ತು ವರ್ಷ ಪಟಾಲಮ್ಮಿನಲ್ಲಿದ್ದ ಸ್ವಂತ ಮಾವ ಮಾತ್ರ, ಮದುವೆಯಾಗಿ ಹನ್ನೆರಡು ವರ್ಷವಾದರೂ, ಒಂದು ಸಲವೂ ಅವನನ್ನು ‘ಅಳಿಯಂದ್ರೇ’ ಎಂದು ಕರೆದವರಲ್ಲ. ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, “ಆ ಮನುಷ್ಯನಿಗೆ ಹೇಳು” ಎನ್ನುವರು. ಆ ಒಂದು ಮಾತಿಗಾಗಿ ಬಿಲ್ಲೆರಾಯ ಒಳಗೊಳಗೇ ಕೊರಗುತ್ತಿದ್ದ.

ಅಂಥ ಮಾವ ಒಂದು ಬೆಳಿಗ್ಗೆ ತಾವಾಗಿಯೇ ಬಂದು ಹಿತ್ತಾಳೆಯ ಬಿಲ್ಲೆಯನ್ನು ಮಗಳ ಕೈಗಿಟ್ಟರು.

“ಸಂಜೆ ಐದಕ್ಕೆ ನಮ್ಮ ಪಟಾಲಮ್ಮಿನ ಹಳಬರೆಲ್ಲ ಸೇರ್ತೀವಿ. ಕೋಟಿಗೆ ಸಿಕ್ಕಿಸ್ಕೋಬೇಕು. ಪಿನ್ನು ಮುರಿದಿದೆ, ಹಾಕಿಡೋಕೆ ಆ ಮನುಷ್ಯನಿಗೆ ಹೇಳು. ನಾಲ್ಕೂವರೆಗೆ ಬರ್ತೀನಿ.”

ಹೊಸ್ತಿಲಲ್ಲಿ ನಿಂತು ಇನ್ನೇನೋ ಹೇಳುವವರಂತೆ ಗಂಟಲು ಸರಿಮಾಡಿಕೊಂಡರು. ಹೇಳದೆ ಹೋದರು.

ಹೆಂಡತಿ ಪಾಠ ಹೇಳಲು ಶಾಲೆಗೆ ಹೋದ ಮೇಲೆ ಬಿಲ್ಲೆರಾಯ ಕಚೇರಿಗೆ ಹೊಟ್ಟೆನೋವೆಂದು ತಿಳಿಸಿ ಭೂತಗನ್ನಡಿ ಹಿಡಿದು ಕೂತ. ಬಿಲ್ಲೆಯ ಮೇಲೊಂದು ಸಿಂಹ. ಅದು ಸಿಂಹವೆಂದು ಗೊತ್ತಾಗುತ್ತಿದ್ದದ್ದು ಕೇಸರದಿಂದ ಮಾತ್ರ. ಮುಖ ಪೂರ್ತಿ ಸವೆದು ಸಾಬೂನಿನ ಕೊನೆಯ ಚೂರಿನಂತಾಗಿತ್ತು. ಮೂಗಂತೂ ಇರಲೇ ಇಲ್ಲ.

‘ಪಿನ್ನನ್ನು ಯಾರು ಬೇಕಾದರೂ ಹಾಕಿಯಾರು. ನಾನು ಮೂಗು ಇಡುತ್ತೇನೆ. ಆಗಲಾದರೂ ಬಾಯಿತುಂಬ ಕರೆಯುತ್ತಾರೋ ಇಲ್ಲವೋ ನೋಡೋಣ’ ಎಂದುಕೊಂಡ. ಹಿಂದೆ ಪಿನ್ನಿದ್ದರೆ ಬಿಲ್ಲೆ ಮೇಜಿನ ಮೇಲೆ ಸಮನಾಗಿ ಕೂರುವುದಿಲ್ಲ, ಕೆತ್ತಲು ಆಗುವುದಿಲ್ಲ. ಹಾಗಾಗಿ ಹಾಕಬೇಕಿದ್ದ ಹೊಸ ಪಿನ್ನನ್ನು ಕಿಟಕಿಯ ಅಂಚಿನಲ್ಲಿಟ್ಟ.

ಬೆಸುಗೆಯ ಸೀಸವನ್ನು ತೊಟ್ಟುತೊಟ್ಟಾಗಿ ಇಟ್ಟು ಮೂಗು ಎಬ್ಬಿಸುತ್ತಿದ್ದಾಗ ವಾಸನೆ ಹಿಡಿದು ಕೆಳಮನೆಯ ಹಲ್ಲುಸೆಟ್ಟಿನವನು ಬಂದ. ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಮಾಡಿಕೊಡುವ ಕಸುಬು ಅವನದು. ಪರರ ಕೆಲಸದಲ್ಲಿ ಮೂಗು ತೂರಿಸದಿದ್ದರೆ ಅವನಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ.

“ಏನ್ ರಾಯರೇ, ಇದು ಮೂಗೋ ಮೊಡವೆಯೋ? ತಡೀರಿ, ನನ್ನ ಸಣ್ಣ ಡ್ರಿಲ್ಲು ತರ್ತೀನಿ.”

ಡ್ರಿಲ್ಲು ಬಂತು. ಸತ್ಯ ಹೇಳಬೇಕೆಂದರೆ ಇಬ್ಬರೂ ಸೇರಿ ಕೊರೆದ ಮೂಗು ಅಮೋಘವಾಗಿತ್ತು. ಕಣ್ಣೂ ಮೂಡಿತು. ಹಲ್ಲುಸೆಟ್ಟಿನವನು ಮೆತ್ತನೆಯ ಹಿಟ್ಟು ಕಲಸಿ ಬಿಲ್ಲೆಯನ್ನು ಅದಕ್ಕೆ ಒತ್ತಿ ಅಚ್ಚು ತೆಗೆದುಕೊಂಡ. “ಕೆಲಸ ಆದ್ಮೇಲೆ ಒಂದು ಪ್ಲಾಸ್ಟರ್ ಮಾದರಿ ಇಟ್ಕೊಳ್ಳೋದು ನಮ್ಮ ಪದ್ಧತಿ” ಎಂದು ಕೆಳಗಿಳಿದ.

ಅವನಿಂದ ಸುದ್ದಿ ತಿಳಿದ ಎದುರುಮನೆಯ ಬೋರ್ಡು ಪೇಂಟರು ಬ್ರಷ್ಷು ಸಮೇತ ಹಾಜರಾದ. “ಮೂಗು ಬೆಳ್ಳಗೆ, ಮೈ ಹಳದಿ! ಸಿಂಹಕ್ಕೇನು ನೆಗಡಿಯಾ?” ಎಂದು ಹಿತ್ತಾಳೆ ಬಣ್ಣ ಬೆರೆಸಿ ಬಳಿದ. ಬೇಡ ಬೇಡವೆಂದರೂ ಎರಡು ಕಡೆ ಮೀಸೆಯನ್ನೂ ಎಳೆದ. ಬಿಲ್ಲೆರಾಯನಿಗೆ ಮೂಗಿಗಿಂತ ಮೂಗುತಿ ಭಾರವಾಯಿತೇನೋ ಎನಿಸಿತು. ಆದರೂ ದೂರ ಹಿಡಿದು ನೋಡಿದರೆ, ಸಿಂಹ ಗರ್ಜಿಸುವುದೊಂದೇ ಬಾಕಿ.

ಮೂರು ಗಂಟೆಗೆ ಹೆಂಡತಿ ಬಂದವಳು ಬಿಲ್ಲೆ ನೋಡಿ ಚೀಲ ಕೈಬಿಟ್ಟಳು.

“ಅಯ್ಯೋ, ಏನ್ರೀ ಇದು! ಅಪ್ಪ ಮೂವತ್ತು ವರ್ಷ ದಿನಾ ಬೆಳಿಗ್ಗೆ ಉಜ್ಜಿ ಉಜ್ಜಿ ಸವೆಸಿದ ಮುಖ ಅದು. ‘ಈ ಸವಕಲೇ ನನ್ನ ನಿಯತ್ತು’ ಅಂತ ನಮಗೆಲ್ಲ ತೋರಿಸ್ತಿದ್ರು. ಅದಕ್ಕೆ ಮೀಸೆ ಬರೆದಿದ್ದೀರಲ್ಲ!”

ಮೂವತ್ತು ವರ್ಷದ ನಿಯತ್ತಿನ ಮೇಲೆ ಬಿಲ್ಲೆರಾಯ ಬೆಸುಗೆ ಸುರಿದಿದ್ದ. ಇನ್ನು ‘ಆ ಮನುಷ್ಯ’ ಎನ್ನುವುದೂ ನಿಂತೀತು.

“ನಿಮ್ಮಪ್ಪ ನನ್ನನ್ನ ಉಳಿಸಲ್ಲ ಕಣೇ.”

“ಅಳ್ತಾ ಕೂತ್ರೆ ಮೂಗು ಉದುರುತ್ತಾ? ಉಜ್ಜಿ!”

ಉಜ್ಜಿದ. ಮೂವತ್ತು ವರ್ಷದ ಸವಕಳಿ ಒಂದೂವರೆ ಗಂಟೆಯಲ್ಲಿ ಬರಬೇಕಿತ್ತು. ಬಣ್ಣ ಹೋಯಿತು, ಮೀಸೆ ಹೋಯಿತು, ಕಣ್ಣು ಹೋಯಿತು, ಅರದ ಬಾಯಿಗೆ ಸಿಕ್ಕಿ ಬೆರಳಿನ ಗೆಣ್ಣಿನ ಚರ್ಮವೂ ಹೋಯಿತು. ಮೂಗು ಮಾತ್ರ ಹಠ ಹಿಡಿದು ಕೂತಿತು. ಜೀವನದಲ್ಲಿ ಅವನು ಕೂರಿಸಿದ್ದರಲ್ಲಿ ಗಟ್ಟಿಯಾಗಿ ಕೂತದ್ದು ಅದೊಂದೇ, ಅದನ್ನೇ ಕೀಳಬೇಕಾಗಿ ಬಂದದ್ದು ಅವನ ಹಣೆಬರಹ. ಅಂತೂ ಉಪ್ಪುಕಾಗದದಲ್ಲಿ ತಿಕ್ಕಿ, ಪಾಲಿಶ್ ಹಾಕಿ, ಬಟ್ಟೆಯಲ್ಲಿ ಸುತ್ತುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಮಿಲಿಟರಿ ನಾಲ್ಕೂವರೆ ಎಂದರೆ ನಾಲ್ಕೂವರೆಯೇ.

ಮಾವ ಇಸ್ತ್ರಿ ಮಾಡಿದ ಕೋಟಿನಲ್ಲಿ ಒಳಬಂದು ಬಟ್ಟೆ ಬಿಡಿಸಿದರು. ಸಿಂಹದ ಮುಖವನ್ನೇ ಬಹಳ ಹೊತ್ತು ನೋಡಿದರು. ಅವರ ಹೆಗಲು ಇಳಿದುಹೋಯಿತು.

“ಹಾಗೇ ಇದೆ” ಎಂದರು.

“ಒಂದಿಷ್ಟೂ ಬದಲಾಗಿಲ್ಲ ಅಪ್ಪಾ” ಎಂದಳು ಮಗಳು ಹೆಮ್ಮೆಯಿಂದ.

“ಅದೇ ಮಗಳೇ. ಎಲ್ಲರ ಸಿಂಹಕ್ಕೂ ಮೂಗಿದೆ, ನನ್ನದಕ್ಕೆ ಮಾತ್ರ ಇಲ್ಲ. ಉಜ್ಜೋದು ಅತಿಯಾಯ್ತು. ಹೋದ ಕಡೆಯೆಲ್ಲ ‘ಬಂದ ನೋಡು ಮೂಗಿಲ್ಲದ ಸಿಂಹ’ ಅಂತಾರೆ. ಮನೇಲಿ ನಿಮ್ಮಮ್ಮ ನಗಬಾರದು ಅಂತ ನಿಯತ್ತು ಗಿಯತ್ತು ಅಂದಿದ್ದೆ. ಆ ಮನುಷ್ಯ ಎಂಥೆಂಥವರ ಬಿಲ್ಲೆಗೋ ಮುಖ ಬರಿಸ್ತಾನಂತೆ. ನಾನು ಬಾಯಿಬಿಟ್ಟು ಕೇಳದಿದ್ರೂ ತಾನೇ ನೋಡಿ ಮಾಡ್ತಾನೆ ಅಂದ್ಕೊಂಡಿದ್ದೆ.”

ಬಿಲ್ಲೆರಾಯ ಚರ್ಮ ಕಿತ್ತ ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟ. ಹೆಂಡತಿ ಸೂರು ನೋಡತೊಡಗಿದಳು.

ಅದೇ ಗಳಿಗೆಗೆ ಹಲ್ಲುಸೆಟ್ಟಿನವನು ಮೆಟ್ಟಿಲು ಹತ್ತಿ ಬಂದ. ಅಂಗೈ ಮೇಲೆ ಪ್ಲಾಸ್ಟರಿನ ಬೆಳ್ಳನೆಯ ಸಿಂಹ: ಕಣ್ಣು ತೀಕ್ಷ್ಣ, ಮೂಗು ರಾಜನ ಮೂಗು.

“ನೋಡಿ ಹಿರಿಯರೇ, ಬೆಳಿಗ್ಗೆಯಿಂದ ಕೂತು ನಿಮ್ಮ ಸಿಂಹಕ್ಕೆ ಎಂಥಾ ಮೂಗು ಮಾಡಿದ್ದಾರೆ ರಾಯರು!”

ಮಾವ ಮಾದರಿಯನ್ನು ಎರಡೂ ಕೈಯಲ್ಲಿ ಹಿಡಿದರು. ಅವರ ಕಣ್ಣು ತುಂಬಿತು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಬಿಲ್ಲೆರಾಯನ ಮುಖಕ್ಕೆ ಮುಖ ಕೊಟ್ಟು ನೋಡಿದರು.

“ಇದನ್ನ ನೀವು ಮಾಡಿದ್ದಾ... ಅಳಿಯಂದ್ರೇ?”

ಬಿಲ್ಲೆರಾಯನಿಗೆ ಅಲ್ಲೇ ಪ್ರಾಣ ಹೋದರೂ ಚಿಂತೆಯಿಲ್ಲ ಎನಿಸಿತು. ಹೋಗಲಿಲ್ಲ.

“ಮತ್ತೆ ಇದರ ಮೂಗೆಲ್ಲಿ?” ಮಾವ ಬಿಲ್ಲೆ ತೋರಿಸಿದರು.

ಬಿಲ್ಲೆರಾಯ ಮೇಜಿನ ಕೆಳಗಿದ್ದ ಉಪ್ಪುಕಾಗದದತ್ತ ಬೆರಳು ಮಾಡಿದ. ಅದರ ಮೇಲೆ ಚಿಟಿಕೆಯಷ್ಟು ಬೂದುಪುಡಿ ಇತ್ತು.

ಮಾವ ಗಡಿಯಾರ ನೋಡಿದರು. ನಿಟ್ಟುಸಿರಿಟ್ಟು, ಇದ್ದ ಬಿಲ್ಲೆಯನ್ನೇ ಕೋಟಿನ ಎದೆಗೆ ಹಿಡಿದರು. ಅದು ನಿಲ್ಲಲಿಲ್ಲ. ತಿರುಗಿಸಿ ಹಿಂದೆ ನೋಡಿದರು. ಬಿಲ್ಲೆರಾಯನ ಕಣ್ಣು ತಾನಾಗಿ ಕಿಟಕಿಯ ಅಂಚಿಗೆ ಹೋಯಿತು. ಬೆಳಿಗ್ಗೆ ಇಟ್ಟ ಪಿನ್ನು ಇಟ್ಟಲ್ಲೇ ಇತ್ತು.

ಮಾವ ಮೆಲ್ಲಗೆ ಮಗಳ ಕಡೆ ತಿರುಗಿದರು.

“ಮಗಳೇ, ಮನೇಲಿ ಒಂದು ಸೇಫ್ಟಿ ಪಿನ್ನಾದರೂ ಇದೆಯಾ ಅಂತ ಆ ಮನುಷ್ಯನ್ನ ಕೇಳು.”