ಅತ್ತೆಯ ಮೂರಡಿ ಮುಂಬಯಿ

ಮುಂಬಯಿಯನ್ನು ಯಾರು ಆಳಬೇಕೆಂದು ನನ್ನ ಅತ್ತೆ ಎಂದೋ ತೀರ್ಮಾನಿಸಿಬಿಟ್ಟಿದ್ದಾಳೆ. ತೊಂದರೆ ಒಂದೇ, ಅವರಲ್ಲಿ ಕೆಲವರಿಗೆ ಮುಂದಿನ ಎರಡು ಹಲ್ಲು ಇನ್ನೂ ಬಂದಿಲ್ಲ!

ಅತ್ತೆಯೆಂದರೆ ಅಪ್ಪನ ತಂಗಿ. ಉಡುಪಿ ಕಡೆಯವಳು. ಮೂವತ್ತು ವರ್ಷ ಇಲ್ಲಿನ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದಳು ಎಂದು ಕಾಗದದಲ್ಲಿದೆ. ಕಾಗದವನ್ನು ಯಾರು ನಂಬುತ್ತಾರೆ? ದಹಿಸರ್‌ನ ಅವಳ ಎರಡು ಕೋಣೆಯ ಮನೆಯಲ್ಲಿ ನಾನೂ ಇದ್ದೇನೆ. ಸಾಂತಾಕ್ರೂಜ್‌ನ ಆಫೀಸು ಮುಗಿಸಿ, ಲೋಕಲ್ ರೈಲಿನಲ್ಲಿ ನಜ್ಜುಗುಜ್ಜಾಗಿ ಬಂದು ನೋಡಿದರೆ ಅತ್ತೆ ಕಿಟಕಿಯ ಹತ್ತಿರ ಕೂತು ಕನಸು ಕಾಣುತ್ತಿರುತ್ತಾಳೆ, ಅದೂ ಕಣ್ಣು ತೆರೆದುಕೊಂಡೇ. ಒಳಗೆ ಹಾಲು ಉಕ್ಕಿ ಒಲೆ ಆರಿಹೋಗಿರುತ್ತದೆ.

"ಅತ್ತೆ, ಹಾಲು!"

"ಸ್ವಲ್ಪ ಇರು ಮಾರಾಯ, ಈಗಷ್ಟೇ ಫುಟ್‌ಪಾತ್ ಅಗಲ ಆಗ್ತಾ ಉಂಟು."

ಯಾವ ಫುಟ್‌ಪಾತ್ ಎಂದು ನೀವು ಕೇಳಬಹುದು. ನಾನು ಕೇಳುವುದಿಲ್ಲ. ಒಮ್ಮೆ ಕೇಳಿ, ರಾತ್ರಿಯ ಊಟ ತಪ್ಪಿಸಿಕೊಂಡಿದ್ದೇನೆ.

ನಮ್ಮ ಬಿಲ್ಡಿಂಗಿನ ಸೊಸೈಟಿಯ ವಾರ್ಷಿಕ ಸಭೆಗೆ ಅತ್ತೆ ಒಮ್ಮೆ ಏಳು ಮಕ್ಕಳನ್ನು ಕರೆದುಕೊಂಡು ಹೋದಳು. ವಿಷಯ ಲಿಫ್ಟಿನದು. ಮೇಲಿನ ಮಹಡಿಗಳ ಗುಂಡಿ ಮಕ್ಕಳಿಗೆ ಎಟಕುವುದಿಲ್ಲ, ಆರನೇ ಮಹಡಿಯ ಹುಡುಗಿಯೊಬ್ಬಳು ಅದನ್ನು ಒತ್ತಲೆಂದೇ ದಿನಾ ಬ್ಯಾಡ್ಮಿಂಟನ್ ರ್‍ಯಾಕೆಟ್ ಹಿಡಿದು ಓಡಾಡುತ್ತಾಳೆ. ಸೆಕ್ರೆಟರಿ ಸಾಹೇಬರು ಕೈ ಬೀಸಿದರು. "ಅರೆ ಮೇಡಂ, ಮಕ್ಕಳು ಎತ್ತರ ಆಗ್ತಾರೆ. ಅಷ್ಟರವರೆಗೆ ಕಾಯ್ಲಿ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ. "ನೀವೂ ಕಾದಿರಬೇಕು ಅಲ್ವಾ?" ಎಂದಳು.

ಮುಂದಿನ ವಾರ ಗುಂಡಿಗಳು ಕೆಳಗಿಳಿದವು. ಸೆಕ್ರೆಟರಿ ನನ್ನೊಂದಿಗೆ ಮಾತು ಬಿಟ್ಟರು. ನಾನೇನು ಮಾಡಿದ್ದೆ?

ಊರನ್ನು ಮೂರಡಿ ಎತ್ತರದಿಂದ ನೋಡದವರಿಗೆ ಊರಿನ ಬಗ್ಗೆ ಮಾತಾಡುವ ಹಕ್ಕಿಲ್ಲ ಎನ್ನುವುದು ಅತ್ತೆಯ ಸಿದ್ಧಾಂತ. ಒಂದು ಭಾನುವಾರ ಅವಳು ಸ್ಟೇಷನ್ ರಸ್ತೆಯ ನಡುವೆ ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. "ನೀನೂ ಕೂತ್ಕೋ. ಎಂತ ಕಾಣ್ತದೆ?" ಕೂತೆ. ಆಟೋಗಳ ಸೈಲೆನ್ಸರ್, ತರಕಾರಿ ಗಾಡಿಯ ತಳ, ನೂರಾರು ಮೊಣಕಾಲು. ಆಕಾಶ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಯಾರೋ ಅತ್ತೆಯ ಓಲೆ ಕಳೆದಿದೆ ಎಂದುಕೊಂಡು ಹುಡುಕತೊಡಗಿದರು. ಇನ್ನೂ ಆರು ಜನ ಸೇರಿದರು. ಹತ್ತು ನಿಮಿಷದಲ್ಲಿ ಓಲೆ ಸಿಕ್ಕಿಯೂ ಬಿಟ್ಟಿತು! ಅತ್ತೆಯ ಎರಡೂ ಓಲೆ ಅವಳ ಕಿವಿಯಲ್ಲೇ ಇದ್ದವು. ಸಿಕ್ಕಿದ ಓಲೆ ಯಾರದೆಂದು ಇವತ್ತಿನವರೆಗೂ ಗೊತ್ತಾಗಿಲ್ಲ.

ಹೀಗಿರುವಾಗ, ಮುನಿಸಿಪಾಲಿಟಿ ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ ಏನು ಮಾಡಬೇಕೆಂದು ವಾರ್ಡ್ ಆಫೀಸಿನವರು ಜನರ ಸಲಹೆ ಕೇಳಿದರು. ದೊಡ್ಡವರಿಗೆಲ್ಲ ಪಾರ್ಕಿಂಗ್ ಬೇಕಿತ್ತು. ಅತ್ತೆಗೆ ಏನು ಬೇಕಿತ್ತು? "ನನಗೆಂತ ಗೊತ್ತು? ಆಡುವವರನ್ನು ಕೇಳ್ಬೇಕು," ಎಂದು ಬಿಲ್ಡಿಂಗಿನ ಮಕ್ಕಳನ್ನೂ, ಎದುರಿಗೆ ಏಳುತ್ತಿದ್ದ ಬಹುಮಹಡಿ ಟವರಿನ ಕೆಲಸಗಾರರ ಮಕ್ಕಳನ್ನೂ ಮನೆಗೆ ಕರೆದಳು.

ಆ ದೀಪಾವಳಿ ರಜೆಯ ಮಧ್ಯಾಹ್ನಗಳು ನನಗೆ ಈಗಲೂ ನಿಜವೆನಿಸುವುದಿಲ್ಲ. ಮುಂದಿನ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಊರು ಹುಟ್ಟಿತು. ಶಾಲೆಯ ಮೂರನೇ ಮಹಡಿಯಿಂದ ನೇರ ಮೈದಾನಕ್ಕೆ ಇಳಿಯುವ ಜಾರುಬಂಡಿ. ಕೆಲಸ ಮುಗಿಸಿ ಬರುವ ಅಮ್ಮಂದಿರು ಮಲಗಲೆಂದೇ ಒಂದು ಮರ, ಕೆಳಗೆ ಜೋಲಿ. ಸೋಫಾದಿಂದ ಅಡುಗೆಮನೆವರೆಗೆ ಒಂದು ನೀಲಿ ನದಿ, ಅದರಲ್ಲಿ ಮೀನು. ಕಿಟಕಿಯ ಬಿಸಿಲು ನದಿಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ದೂರದಲ್ಲಿ ಲೋಕಲ್ ಹಾದುಹೋದರೆ ನೀರು ಸಣ್ಣಗೆ ನಡುಗಿದಂತಾಗುತ್ತಿತ್ತು. ಮಕ್ಕಳು ಹೊಟ್ಟೆಯ ಮೇಲೆ ಮಲಗಿ, ಪಿಸುಮಾತಿನಲ್ಲಿ ಊರು ಕಟ್ಟುತ್ತಿದ್ದರು. ನಾಲ್ಕು ದಿನ ಅತ್ತೆ ನೆಲ ಒರೆಸಲಿಲ್ಲ. ನಾನು ನೀರು ಕುಡಿಯಲು ಹೋಗುವಾಗ ಪ್ಯಾಂಟು ಮೇಲೆತ್ತಿಕೊಂಡು ನದಿ ದಾಟಿದೆ. ದೇವರಾಣೆ!

ಆ ಗುಂಪಿನಲ್ಲಿ ರೇಣುಕಾ ಎಂಬ ಹತ್ತು ವರ್ಷದ ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಬಂದು ಟವರಿನಲ್ಲಿ ಕೆಲಸ ಮಾಡುತ್ತಿದ್ದರು. ಉಳಿದವರು ಊರು ಬರೆಯುತ್ತಿದ್ದರೆ ಇವಳು ಸೀಮೆಸುಣ್ಣ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು.

ಸಭೆಯ ದಿನ ಅತ್ತೆ ಹನ್ನೊಂದು ಮಕ್ಕಳೊಂದಿಗೆ ವಾರ್ಡ್ ಆಫೀಸಿಗೆ ಹೊರಟಳು. ನಾನು ರಜೆ ಹಾಕಿ ಹಿಂದೆ ಹೋದೆ. ಮಕ್ಕಳನ್ನು ಕಾಯಲು ಅಲ್ಲ, ಅಧಿಕಾರಿಯನ್ನು ಕಾಯಲು.

"ಟೀಚರ್ ಬಾಯಿ, ಇವರಿಗೆ ವೋಟಿಲ್ಲ," ಎಂದು ಅಧಿಕಾರಿ ಮರಾಠಿಯಲ್ಲಿ ನಕ್ಕರು.

"ವೋಟಿದ್ದವರು ಪಾರ್ಕಿಂಗ್ ಕೇಳಿ ಆಯ್ತಲ್ಲ," ಎಂದಳು ಅತ್ತೆ. "ಇವರದ್ದು ಹತ್ತೇ ನಿಮಿಷ."

ಬಿಲ್ಡಿಂಗಿನ ಮಕ್ಕಳು ಇಂಗ್ಲಿಷಿನಲ್ಲಿ ಪಟಪಟನೆ ಜಾರುಬಂಡಿಯನ್ನೂ ನದಿಯನ್ನೂ ವಿವರಿಸಿದರು. ಅಧಿಕಾರಿ ಬಿಸ್ಕತ್ತು ತರಿಸಿದರು. ಎಲ್ಲ ಚಂದವಾಗಿ, ಏನೂ ಆಗದೆ ಮುಗಿಯುವ ಹೊತ್ತಿಗೆ ರೇಣುಕಾ ಎದ್ದು ನಿಂತಳು. ಹಿಂದಿ ಅವಳಿಗೆ ಬರುತ್ತಿತ್ತು, ಆದರೆ ಹೆದರಿಕೆಗೆ ಎಲ್ಲೋ ಓಡಿಹೋಗಿತ್ತು.

"ಸಾಹೇಬ್ರ, ಆ ಜಾಗದ ಬಾಜೂ ಸಂಡಾಸ ಐತ್ರಿ. ನಾವೆಲ್ಲಾ ಅಲ್ಲೇ ಹೋಗೂದು. ಅದರ ಬಾಗಲಕ್ಕ ಒಳಗ ಚಿಲಕ ಇಲ್ರಿ. ನಾ ಹೋದ್ರ ನನ್ನ ತಂಗಿ ಹೊರಗ ಬಾಗಲಾ ಹಿಡಕೊಂಡು ನಿಂದರ್ತಾಳ. ಆಕಿ ಹೋದ್ರ ನಾ. ಮುಂಜಾನಿ ಪಾಳಿ ಭಾಳ ಇರ್ತೈತಿ, ದಿನಾ ಸಾಲಿ ಗಂಟಿ ಹೊಡದ ಬಿಡತೈತ್ರಿ. ನಮಗ ನದಿ ಬ್ಯಾಡ. ಚಿಲಕ ಬೇಕ್ರಿ."

ಅತ್ತೆ ಅದನ್ನು ಮರಾಠಿಗೆ ತಿರುಗಿಸಿದಳು. ಜೀವಮಾನದಲ್ಲಿ ಮೊದಲ ಸಲ ತನ್ನದೊಂದು ಮಾತೂ ಸೇರಿಸಲಿಲ್ಲ. ಅಧಿಕಾರಿ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು. ಪೆನ್ನು ತೆಗೆದರು.

ಮೂರು ವಾರಕ್ಕೆ ಚಿಲಕ ಬಂತು. ಎಲ್ಲಿ? ಆರಡಿ ಆಳಿಗೆ ಎಟಕುವ ಎತ್ತರದಲ್ಲಿ! ರೇಣುಕಾ ತುದಿಗಾಲಲ್ಲಿ ನಿಂತರೂ ನಾಲ್ಕು ಬೆರಳು ಕಡಿಮೆ. ಅತ್ತೆ ಯುದ್ಧಕ್ಕೆ ಸೆರಗು ಕಟ್ಟುವಷ್ಟರಲ್ಲಿ ಆ ಹುಡುಗಿ ತಾನೇ ಆಫೀಸಿಗೆ ಹೋಗಿ ಬಂದಿದ್ದಳು. ಮರುದಿನ ಫಿಟ್ಟರ್ ಬಂದಾಗ ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, "ಇಲ್ಲಿ ಹೊಡೀರಿ ಕಾಕಾ," ಎಂದಳು. ಅಲ್ಲೇ ಹೊಡೆದ. ರೇಣುಕಾ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ತಂಗಿ ಅಭ್ಯಾಸಬಲದಿಂದ ಬಾಗಿಲು ಹಿಡಿದು ನಿಂತೇ ಇದ್ದಳು.

ಒಳಗಿನಿಂದ ಗದರಿಕೆ ಬಂತು. "ಬಿಡ ಬಾಗಲಾ! ಸಾಲಿಗಿ ಹೋಗ ನೀ!"

ಆ ಪುಟ್ಟಿ ಕೈ ಬಿಟ್ಟಳು. ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡು, ಚೀಲ ಎತ್ತಿಕೊಂಡು ಓಡಿದಳು.

ಮೈದಾನದ ಫೈಲು ಮಾತ್ರ ಇನ್ನೂ ಯಾವುದೋ ಕಪಾಟಿನಲ್ಲಿ ಕನಸು ಕಾಣುತ್ತಿದೆ. ಟವರು ಮುಗಿಯಿತು. ರೇಣುಕಾಳ ಮನೆಯವರು ಗೋರೆಗಾಂವ್‌ನ ಬೇರೊಂದು ಕಟ್ಟಡದ ಕೆಲಸಕ್ಕೆ ಹೋದರು. ಅತ್ತೆ ಅವಳಿಗೊಂದು ಚೀಟಿಯಲ್ಲಿ ನನ್ನ ಫೋನ್ ನಂಬರು ಬರೆದುಕೊಟ್ಟಳು. ಆಮೇಲೆ ಎಷ್ಟೋ ದಿನ ಕಿಟಕಿಯ ಬಳಿ ಕೂತಳು, ಆದರೆ ಹಾಲು ಉಕ್ಕಲಿಲ್ಲ. ನನಗೆ ಭಯವಾಯಿತು.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. "ಟೀಚರಜ್ಜಿಗಿ ಕೊಡ್ರಿ," ಎಂದಿತು ದನಿ. ಸ್ಪೀಕರ್ ಹಾಕಿ ಅತ್ತೆಯ ಮುಂದೆ ಹಿಡಿದೆ.

"ಅಜ್ಜಿ, ನಾ ರೇಣುಕಾ. ಇಲ್ಲಿ ನಲ್ಲಿ ರಸ್ತಾದ ಆ ಕಡಿ ಐತ್ರಿ, ದಾಟೂವಾಗ ಸಣ್ಣ ಹುಡುಗ್ರು ಗಾಡಿಗಿ ಸಿಗ್ತಾವ. ಇಲ್ಲಿನ ವಾರ್ಡ್ ಆಫೀಸ್ ಎಲ್ಲೈತ್ರಿ? ನಾವು ಒಂಬತ್ತು ಮಂದಿ ಅದೀವಿ."

ಅತ್ತೆ ಆಗಲೇ ಎದ್ದು ಚಪ್ಪಲಿ ಹುಡುಕತೊಡಗಿದ್ದಳು. ನಾನೇ ಹೇಳಿದೆ, "ನಿಲ್ಲು ಮಗಾ, ಅಜ್ಜಿಯನ್ನು ಕರೆದುಕೊಂಡು ಬರ್ತೇನೆ."

"ಬ್ಯಾಡ್ರಿ. ಮಾತು ನಾವ ಆಡ್ತೀವಿ. ದಾರಿ ಅಷ್ಟ ಹೇಳ್ರಿ."

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡು, ಕಿವಿಗೆ ಒತ್ತಿ ಹಿಡಿದು, ದಾರಿ ಹೇಳತೊಡಗಿದಳು. ಸ್ಟೇಷನ್ನಿನಿಂದ ಯಾವ ಕಡೆ, ಯಾವ ತಿರುವು, ಎಷ್ಟನೇ ಮಹಡಿ. ಹೇಳುತ್ತಾ ಹೇಳುತ್ತಾ ಅವಳ ಕೆನ್ನೆಯೆಲ್ಲ ಒದ್ದೆಯಾಯಿತು. ದನಿ ಮಾತ್ರ, ಪಾಠ ಹೇಳುವ ದನಿ, ಒಂದಿಷ್ಟೂ ಅಲುಗಲಿಲ್ಲ.